ಹವಳದ ತೊಟ್ಟಿ ಮತ್ತು ಅಕ್ಕನ ಕೈ

ಸಮುದ್ರ ನಮ್ಮ ಬೀದರಿಗೆ ಕೊರಿಯರಿನಲ್ಲಿ ಬರುತ್ತದೆ. ದಪ್ಪ ಪ್ಲಾಸ್ಟಿಕ್ ಚೀಲ, ಒಳಗೆ ಬಿಳಿ ಪುಡಿ. ಶುದ್ಧ ನೀರಿಗೆ ಅಳತೆ ನೋಡಿ ಹಾಕಿ ಕಲಸಿದರೆ ಅದೇ ಸಮುದ್ರದ ನೀರು. ಅದರಲ್ಲಿ ಹವಳ ಬದುಕುತ್ತದೆ, ಮೀನು ಬದುಕುತ್ತದೆ. ಹೋದ ವರ್ಷ ಇಲ್ಲಿನ ಮೈಲೂರು ಬಡಾವಣೆಯ ನಮ್ಮ ಮನೆಗೆ ಈ ಚೀಲ ತಂದವನು ಅದನ್ನು ಬಾಗಿಲಲ್ಲಿ ಇಳಿಸಿ, “ಭಾಳ ವಜನ್ ಅದರಿ ಸರ್. ಏನದ ಇದ್ರಾಗ?” ಎಂದು ಕೇಳಿದ. “ಸಮುದ್ರ” ಎಂದೆ. ಆತ ನನ್ನ ಮುಖ ಒಮ್ಮೆ ನೋಡಿ, ಸಹಿ ಹಾಕಿಸಿಕೊಂಡು ಗಾಡಿ ಏರಿದ.

ನನ್ನ ಹೆಂಡತಿ ಅಷ್ಟು ಸುಲಭಕ್ಕೆ ಬಿಡುವವಳಲ್ಲ. ಔರಾದಿನವಳು, ಮಾತಿಗೆ ಬರಗಾಲವಿಲ್ಲ. ಚೀಲದ ಸುತ್ತ ಒಂದು ಸುತ್ತು ಬಂದು, “ಹುಚ್ಚು ಬಿಟ್ಟ ಹೊರತು ಮದುವಿ ಆಗಂಗಿಲ್ಲ, ಮದುವಿ ಆದ ಹೊರತು ಹುಚ್ಚು ಬಿಡಂಗಿಲ್ಲ ಅಂತಾರ. ನಿಮಗ ಮದುವಿನೂ ಆಗ್ಯಾದ, ಮಗಳೂ ಸಾಲಿಗಿ ಹೊಂಟಾಳ. ಇನ್ನ ಯಾವಾಗ ಬಿಡೂದದರಿ ಇದು?” ಎಂದಳು. ನಾನು ಚೀಲವನ್ನು ಒಳಗೆ ಎಳೆದುಕೊಂಡೆ.

ಹುಚ್ಚು ಹೇಗೆ ಹಿಡಿಯಿತು ಎಂದು ಹೇಳುವುದು ಕಷ್ಟ. ನಮ್ಮದು ಕೆಂಪು ಕಲ್ಲಿನ ಊರು. ಬಾವಿ ತೋಡಿದರೂ ಕೆಂಪು, ಗೋಡೆ ಕಟ್ಟಿದರೂ ಕೆಂಪು. ಸಮುದ್ರ ಎಂಬುದು ನಮಗೆ ಭೂಗೋಳದ ಪುಸ್ತಕದಲ್ಲಿ ನೀಲಿ ಬಣ್ಣ ಬಳಿಯಬೇಕಾದ ಜಾಗ, ಅಷ್ಟೇ. ಒಮ್ಮೆ ಹೈದರಾಬಾದಿನ ಮೀನಿನ ಅಂಗಡಿಯೊಂದರಲ್ಲಿ ಹಸಿರು ಗುಂಡಿಗಳನ್ನು ಅಂಟಿಸಿದಂತಿದ್ದ ಒಂದು ಕಲ್ಲನ್ನು ನೋಡಿದೆ. ಅಂಗಡಿಯವನು ದೀಪ ಹಾಕಿದ ಸ್ವಲ್ಪ ಹೊತ್ತಿಗೆ ಆ ಗುಂಡಿಗಳು ಒಂದೊಂದಾಗಿ ಅರಳಿದವು. ಗಿಡವೇ ಎಂದು ಕೇಳಿದೆ. ಅಲ್ಲ, ಪ್ರಾಣಿ ಎಂದ. ಬಾಯಿ ಎಲ್ಲಿ ಎಂದೆ. ನಡುವಿನ ಚುಕ್ಕೆ ತೋರಿಸಿದ. ಬೆಳಕನ್ನೂ ತಿನ್ನುವ, ಮೀನಿನ ಚೂರನ್ನೂ ತಿನ್ನುವ, ಕಲ್ಲಿಗೆ ಕಚ್ಚಿಕೊಂಡೇ ಬದುಕುವ ಪ್ರಾಣಿ! ಅಂದು ಬೀದರಿನ ರೈಲು ತಪ್ಪಿಸಿಕೊಂಡೆ.

ಹೀಗೆ ಹನ್ನೆರಡು ವರ್ಷದ ಹಿಂದೆ ನನ್ನ ಮೊದಲ ಹವಳದ ತೊಟ್ಟಿ ಹುಟ್ಟಿತು. ಕಲ್ಲುಗಳನ್ನು ಒದ್ದೆ ಪೇಪರಿನಲ್ಲಿ ಸುತ್ತಿ ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಕಿತ್ತಳೆ ಬಣ್ಣದ ಎರಡು ಮೀನು, ಕೆಂಪು ಬೆನ್ನಿನ ಒಂದು ಸೀಗಡಿ. ಆ ಸೀಗಡಿ ಕೈ ನೀರಿಗೆ ಇಳಿಸಿದರೆ ಹತ್ತಿರ ಬಂದು ಉಗುರಿನ ಸಂದಿಯನ್ನು ಶುಚಿ ಮಾಡುತ್ತಿತ್ತು. ಆಗ ನನಗೆ ಹೊಸದಾಗಿ ಮದುವೆಯಾಗಿತ್ತು. ಅವ್ವ ಇನ್ನೂ ಇದ್ದಳು. ಎಲ್ಲ ಕೆಲಸ ಕೈಯಿಂದಲೇ. ನೀರು ಸುರಿಯುವುದು, ಉಪ್ಪು ಕಲಸುವುದು, ದೀಪ ಹಾಕಿ ಆರಿಸುವುದು.

ಆ ವರ್ಷ ನಾಗರಪಂಚಮಿಗೆ ಹೆಂಡತಿ ತನ್ನ ತವರು ಔರಾದಿಗೆ ಹೋದಳು, ಅಕ್ಕ ಭಾಲ್ಕಿಯಿಂದ ತನ್ನ ತವರಿಗೆ ಅಂದರೆ ನಮ್ಮ ಮನೆಗೆ ಬಂದಳು. ಪಂಚಮಿಯ ವ್ಯವಹಾರವೇ ಹಾಗೆ, ಒಂದು ಮನೆಯ ಹೆಣ್ಣು ಹೋದರೆ ಇನ್ನೊಂದು ಹೆಣ್ಣು ಬರುತ್ತದೆ. ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಮೂರು ವರ್ಷದ ಹಿಂದೆ ಅವಳ ಕೂಸು ಇಪ್ಪತ್ತು ದಿನ ಇದ್ದು ತೀರಿಹೋಗಿತ್ತು. ಮತ್ತೆ ಮಕ್ಕಳಾಗಿರಲಿಲ್ಲ. ಜೋಕಾಲಿ ಕಟ್ಟಿದ್ದರೂ ಅವಳು ಅದರ ಹತ್ತಿರ ಹೋಗದೆ ನನ್ನ ತೊಟ್ಟಿಯ ಮುಂದೆ ಕುಳಿತಳು. “ತಮ್ಮಾ, ಇದು ನನ್ನ ಕೈಬಳಿ ಎಣಸ್ಲಿಕತ್ಯಾದ ನೋಡು” ಎಂದು ಕೈ ಇಳಿಸಿ ಸೀಗಡಿಯನ್ನು ತೋರಿಸಿ ನಕ್ಕಳು. ಅವಳು ನಕ್ಕದ್ದನ್ನು ಬಹಳ ದಿನದ ಮೇಲೆ ನೋಡಿದೆ.

ಹಬ್ಬದ ಮುಂದೆಯೇ ನನಗೆ ಕೆಲಸದ ಮೇಲೆ ನಾಲ್ಕು ದಿನ ಸೊಲ್ಲಾಪುರಕ್ಕೆ ಹೋಗಬೇಕಾಗಿ ಬಂತು. ಹೊರಡುವ ಮೊದಲು ತೊಟ್ಟಿಯ ಅರ್ಧ ನೀರು ಬದಲಿಸಿ, ಅಕ್ಕನಿಗೆ ಎರಡು ಕೆಲಸ ಹೇಳಿದೆ: ದಿನಕ್ಕೆ ಒಂದು ಚಿಟಿಕೆ ಆಹಾರ, ನೀರು ಇಳಿದಷ್ಟು ನೀಲಿ ಡಬ್ಬಿಯಿಂದ ಶುದ್ಧ ನೀರು. ಮರಳಿ ಬಂದಾಗ ಸೀಗಡಿ ಬೆಳ್ಳಗೆ ಬಿದ್ದಿತ್ತು. ಹವಳದ ಹಸಿರು ಗುಂಡಿಗಳು ಲೋಳೆಯಾಗಿ ಕರಗಿದ್ದವು. ಮೀನು ಎರಡು ಮಾತ್ರ ಬದುಕಿದ್ದವು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆ ನಾಲ್ಕು ದಿನದಲ್ಲಿ ಒಂದು ದಿನ ನಳದಲ್ಲಿ ನೀರು ಬಂದಿತ್ತೆಂದು ಗೊತ್ತಾಯಿತು. ನಮ್ಮಲ್ಲಿ ನಳ ಬಂದ ದಿನ ಮನೆಯಲ್ಲಿ ಖಾಲಿ ಪಾತ್ರೆ ಎಂಬುದು ಉಳಿಯಬಾರದು. ಕೊಡ, ಬಕೇಟು, ಚಂಬು, ಕೊನೆಗೆ ಚಹಾದ ಪಾತೇಲಿ ಕೂಡ ತುಂಬುತ್ತವೆ. ತೊಟ್ಟಿಯಲ್ಲಿ ಎರಡು ಬೆರಳು ಖಾಲಿ ಇದ್ದದ್ದು ಕಂಡು ಅಕ್ಕ ನಗರಸಭೆಯವರು ಬ್ಲೀಚಿಂಗ್ ಪೌಡರ್ ಬೆರೆಸಿ ಬಿಡುವ ಆ ನೀರನ್ನೇ ಒಂದು ಕೊಡ ಸುರಿದಿದ್ದಾಳೆ ಎಂದು ನಾನೇ ತೀರ್ಪು ಕೊಟ್ಟೆ. ಕೇಳಲಿಲ್ಲ, ವಿಚಾರಿಸಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, “ನಿನ್ನ ಕೈಯಾಗ ಯಾವ ಜೀವಾನೂ ಉಳಿಯಂಗಿಲ್ಲ” ಎಂದುಬಿಟ್ಟೆ.

ಅವ್ವ ಉಂಡಿ ಕಟ್ಟುತ್ತಿದ್ದಳು, ಕೈ ನಿಂತುಹೋಯಿತು. ಅಕ್ಕ ಮರುದಿನ ಮುಂಜಾನೆ ಹಬ್ಬ ಮುಗಿಸದೆ ಭಾಲ್ಕಿಗೆ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವ್ವ ಅಂದು ಇಡೀ ದಿನ ಗೋಡೆಗೆ ಹೇಳಿದಂತೆ ಹೇಳುತ್ತಿದ್ದಳು.

ಮರುವರ್ಷ ಔರಾದಿನಲ್ಲಿ ನನ್ನ ಮಗಳ ತೊಟ್ಟಿಲು ಹಾಕುವ ದಿನ ಆ ಮಾತಿನ ಬೆಲೆ ನನಗೆ ಕಂಡಿತು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ತಂದೆಯ ಅಕ್ಕತಂಗಿ. ಕೂಸನ್ನು ಎತ್ತಿಕೊಂಡು ತೊಟ್ಟಿಲಿಗೆ ಹಾಕುವುದೂ ಅವಳದೇ ಹಕ್ಕು. ಅಕ್ಕ ಬಂದಳು. ಕೂಸಿನ ತಲೆ, ಬೆನ್ನು ಮುಚ್ಚುವ, ತಾನೇ ಹೊಲಿದ ಕುಂಚಿಗೆ ತಂದಿದ್ದಳು, ಅಂಚಿಗೆ ಕೆಂಪು ಜರಿ. ಹೆಂಗಸರು ಕೂಸನ್ನು ಅವಳತ್ತ ಚಾಚಿದರು. ಅಕ್ಕ ಎರಡೂ ಕೈ ಸೆರಗಿನ ಒಳಗೆ ಎಳೆದುಕೊಂಡು, “ನನ್ನ ಕೈ ಥಂಡಿ ಅವ, ನೀವೇ ಹಾಕ್ರಿ” ಎಂದು ಹಿಂದೆ ಸರಿದಳು. ಆಗ ಬೇಸಗೆ. ನನ್ನ ಹೆಂಡತಿಯ ಚಿಕ್ಕಮ್ಮ ಹೆಸರು ಹೇಳಿದರು. ಎಲ್ಲರೂ ನಕ್ಕು ಮುಂದಿನ ಶಾಸ್ತ್ರಕ್ಕೆ ಹೋದರು. ನಾನೊಬ್ಬನೇ ತಿಳಿದವನು, ನನಗೆ ಊಟ ಸೇರಲಿಲ್ಲ.

ಆಮೇಲೆ ಎಷ್ಟು ಮದುವೆ, ಎಷ್ಟು ತೊಟ್ಟಿಲು. ಅಕ್ಕ ಯಾರ ಕೂಸನ್ನೂ ಎತ್ತಿಕೊಳ್ಳಲಿಲ್ಲ. ಕುಂಚಿಗೆ ಮಾತ್ರ ಹೊಲಿಯುತ್ತಿದ್ದಳು. ಭಾಲ್ಕಿಯ ಅರ್ಧ ಕೂಸುಗಳು ಅವಳು ಹೊಲಿದ ಕುಂಚಿಗೆಯಲ್ಲಿ ಬೆಳೆದಿವೆ. ಹೊಲಿದು, ಮಡಚಿ, ಕೂಸಿನ ಪಕ್ಕಕ್ಕಿಟ್ಟು ಬರುತ್ತಿದ್ದಳು.

ಕ್ಷಮೆ ಕೇಳಬಾರದಿತ್ತೇ ಎಂದು ನೀವು ಕೇಳಬಹುದು. ಕೇಳಬೇಕು ಅನ್ನಿಸಿದಾಗಲೆಲ್ಲ ನನ್ನೊಳಗಿನ ವಕೀಲ ಎದ್ದು ನಿಲ್ಲುತ್ತಿದ್ದ. ಮಾತು ಕೆಟ್ಟದ್ದಿರಬಹುದು, ಆದರೆ ತಪ್ಪು ಅವಳದೇ ಅಲ್ಲವೇ, ನೀರು ಸುರಿದವಳು ಅವಳೇ ಅಲ್ಲವೇ ಎನ್ನುತ್ತಿದ್ದ. ಆ ವಕೀಲ ಒಳ್ಳೆಯ ಮಾತುಗಾರ. ಹನ್ನೆರಡು ವರ್ಷ ಕೇಸು ಎಳೆದ.

ಈ ನಡುವೆ ನಾನು ಔರಾದಿನಲ್ಲೇ ನೆಲೆಸಿದ್ದೆ. ಕುಡಿಯುವ ನೀರಿನ ಯೋಜನೆಯೊಂದರ ಪಂಪು ನೋಡಿಕೊಳ್ಳುವ ಕೆಲಸ. ತೊಟ್ಟಿ ಒಡೆದುಹೋಗಿತ್ತು, ಮೀನುಗಳನ್ನು ಯಾರಿಗೋ ಕೊಟ್ಟಿದ್ದೆ. ಸತ್ತ ಹವಳದ ಕಲ್ಲುಗಳು ಮಾತ್ರ ಗೋಣಿಚೀಲದಲ್ಲಿ ಅತ್ತೆಯ ಮನೆಯ ಮಾಳಿಗೆ ಸೇರಿದವು. ಅತ್ತೆ ಅವುಗಳಿಗೊಂದು ಉದ್ಯೋಗ ಕೊಟ್ಟಿದ್ದರು. ಸಂಡಿಗೆ ಒಣಗಿಸುವ ಪ್ಲಾಸ್ಟಿಕ್ ಹಾಳೆ ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಹವಳದ ಕಲ್ಲು. ಹಿಂದೂ ಮಹಾಸಾಗರದ ಕಲ್ಲು ಔರಾದಿನ ಸಂಡಿಗೆ ಕಾಯುತ್ತಿತ್ತು.

ಎರಡು ವರ್ಷದ ಹಿಂದೆ ಬೀದರಿನ ಪಕ್ಕದ ಕೊಳಾರದ ಔಷಧ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ಮತ್ತೆ ಬೀದರಿಗೆ ಬಂದೆ. ಅಲ್ಲಿ ನನ್ನ ಕೆಲಸ ಉಪಕರಣಗಳದು. ನೀರು ಎಷ್ಟು ಬಿಸಿ, ಎಷ್ಟು ಹುಳಿ, ಎಷ್ಟು ಎತ್ತರ ಎಂದು ಹೇಳುವ ಸೆನ್ಸರುಗಳು ಸುಳ್ಳು ಹೇಳದಂತೆ ನೋಡಿಕೊಳ್ಳುವುದು. ದಿನವೂ ಅವುಗಳ ನಡುವೆ ಓಡಾಡುತ್ತ ಹಳೆಯ ಹುಚ್ಚು ಮೆಲ್ಲಗೆ ತಲೆ ಎತ್ತಿತು. ಈ ಸಲ ಬೇರೆ ಥರ ಮಾಡಬೇಕು. ಯಾರ ಕೈಯೂ ತಾಗದಂಥ ತೊಟ್ಟಿ, ನನ್ನ ಕೈ ಸಹ.

ಎರಡು ಅಡಿ ಉದ್ದದ ಗಾಜಿನ ಪೆಟ್ಟಿಗೆ, ಅಷ್ಟೇ. ಅದರ ಕಬ್ಬಿಣದ ಸ್ಟ್ಯಾಂಡನ್ನು ಗಾಂಧಿ ಗಂಜ್ ಮಾರುಕಟ್ಟೆಯ ಹತ್ತಿರ ಬೆಸುಗೆ ಹಾಕಿಸಿ, ಬೇಳೆ ಮೂಟೆ ಹೊರುವ ಕೈಗಾಡಿಯಲ್ಲೇ ಮನೆಗೆ ತರಿಸಿದೆ. ಬಿಸಿಲಿಗೆ ನೀರು ಆವಿಯಾಗಿ ಒಂದು ಗೆರೆ ಇಳಿದರೆ ಸೆನ್ಸರ್ ಗುರುತಿಸುತ್ತದೆ, ಪಂಪು ಕೆಳಗಿನ ಡಬ್ಬಿಯಿಂದ ಅಷ್ಟೇ ಶುದ್ಧ ನೀರು ಏರಿಸುತ್ತದೆ. ಹವಳಕ್ಕೆ ಬೇಕಾದ ಸುಣ್ಣದಂಶವನ್ನು ಇನ್ನೊಂದು ಪುಟ್ಟ ಪಂಪು ತೊಟ್ಟು ತೊಟ್ಟಾಗಿ ಬಿಡುತ್ತದೆ. ಬಿಸಿಯಾದರೆ ಫ್ಯಾನು ತಿರುಗುತ್ತದೆ, ತಣ್ಣಗಾದರೆ ಹೀಟರು ಹೊತ್ತುತ್ತದೆ. ದೀಪ ಬೆಳಗಾಗುವಂತೆ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ. ಕರೆಂಟು ಹೋದರೆ ಇನ್ವರ್ಟರು. ಇದೆಲ್ಲದರ ವರದಿ ನನ್ನ ಫೋನಿಗೆ. ಅತ್ತೆ ಔರಾದಿನಿಂದ ಫೋನು ಮಾಡಿ ತಮ್ಮ ಮಗಳಿಗೆ, “ಮೀನಿಗಿ ಫ್ಯಾನ್ ಹಾಕ್ಯಾನಂತಲ್ಲ? ನಿನಗ ಕೂಲರ್ ಕೊಡ್ಸಂದ್ರ ಮುಂದಿನ ವರ್ಷ ಅಂದಿದ್ದ” ಎಂದರಂತೆ. ಕೂಲರ್ ಅದೇ ವಾರ ತಂದೆ.

ಹೊಸ ಕಲ್ಲು ಕೊಳ್ಳುವ ಬದಲು ಹಳೆಯ ಕಲ್ಲುಗಳನ್ನೇ ಔರಾದಿನಿಂದ ತರಿಸಿ, ಉಜ್ಜಿ ತೊಳೆದು, ಜೋಡಿಸಿದೆ. ಒಣಗಿದ ಕಲ್ಲು ತೊಳೆದರೆ ಹೊಸದೇ ಎಂದು ನನ್ನ ನಂಬಿಕೆ. ಐದಾರು ವಾರ ನೀರು ಹದಕ್ಕೆ ಬರಲು ಬಿಟ್ಟೆ. ಎಲ್ಲ ಸರಿಯಾಗಿದೆ ಎಂದು ಫೋನು ಹೇಳಿದ ಮೇಲೆ ಪಾಚಿ ತಿನ್ನಲಿ ಎಂದು ಮೊದಲು ಐದು ಬಸವನಹುಳು ತಂದು ಬಿಟ್ಟೆ. ಗಾಜಿನ ಮೇಲೆ ಅವು ಬಾಯಿ ತೆರೆದು ಮುಚ್ಚಿ ಮೇಯುವುದನ್ನು ಮಗಳು ಭೂತಗನ್ನಡಿ ಹಿಡಿದು ನೋಡಿದಳು.

ಮೂರನೆಯ ದಿನ ಒಂದು ಕೆಳಗೆ ಬಿತ್ತು. ಎತ್ತಿ ಗಾಜಿಗೆ ಅಂಟಿಸಿದೆ, ಮತ್ತೆ ಬಿತ್ತು. ವಾರದೊಳಗೆ ಐದೂ ಹೋದವು. ಫೋನು ಮಾತ್ರ ಎಲ್ಲ ಸರಿ, ಎಲ್ಲ ಸರಿ ಎನ್ನುತ್ತಿತ್ತು. ಬಿಸಿ ಸರಿ, ಹುಳಿ ಸರಿ, ಉಪ್ಪು ಸರಿ, ಎತ್ತರ ಸರಿ. ನನಗೆ ಸಿಟ್ಟು ಬಂತು; ಆದರೆ ಈ ಸಲ ಬಯ್ಯಲು ಯಾರೂ ಇರಲಿಲ್ಲ. ತೊಟ್ಟಿಯನ್ನು ಯಾರೂ ಮುಟ್ಟಿಲ್ಲ. ಹಾಗೆ ಕಟ್ಟಿದವನು ನಾನೇ. ಬಯ್ಯಲು ಜನ ಸಿಗದಿದ್ದರೆ ಮನುಷ್ಯ ಹುಡುಕಲು ಶುರು ಮಾಡುತ್ತಾನೆ ಎಂದು ಆಗ ತಿಳಿಯಿತು.

“ಪೊಲೀಸ್ ತನಿಖಿ ಚಾಲೂ ಆತು” ಎಂದಳು ಹೆಂಡತಿ. ಹುಡುಕುತ್ತ ಹೋದಂತೆ ನನಗೆ ನಿಜವಾಗಿ ರುಚಿ ಹತ್ತಿತು. ಉಳಿದದ್ದೆಲ್ಲ ಸರಿ ಇದ್ದೂ ಬಸವನಹುಳುಗಳನ್ನು ಕೊಲ್ಲುವ ವಿಷ ಯಾವುದು? ಓದಿದಲ್ಲೆಲ್ಲ ಒಂದೇ ಉತ್ತರ: ತಾಮ್ರ. ಕಣ್ಣಿಗೆ ಕಾಣದಷ್ಟು ಇದ್ದರೂ ಸಾಕು, ಮೀನು ತಡೆದುಕೊಂಡರೂ ಬಸವನಹುಳು, ಸೀಗಡಿ, ಹವಳ ಸಾಯುತ್ತವೆ. ತಾಮ್ರ ಪರೀಕ್ಷಿಸುವ ಪುಟ್ಟ ಡಬ್ಬಿ ತರಿಸಿದೆ. ನೀರಿಗೆ ಕೆಲವು ತೊಟ್ಟು ಔಷಧ ಹಾಕಿ ಅಲುಗಾಡಿಸಿದರೆ, ತಾಮ್ರವಿದ್ದಲ್ಲಿ ನೀಲಿಯಾಗುತ್ತದೆ. ತೊಟ್ಟಿಯ ನೀರು ತಿಳಿನೀಲಿಯಾಯಿತು. ಶುದ್ಧ ನೀರಿನಲ್ಲಿ ಇಲ್ಲ. ಉಪ್ಪು ಕಲಸಿದ ಹೊಸ ನೀರಿನಲ್ಲಿ ಇಲ್ಲ. ಪಂಪುಗಳನ್ನು ಒಂದೊಂದಾಗಿ ಬಕೇಟಿನಲ್ಲಿ ಓಡಿಸಿ ನೋಡಿದೆ, ಅಲ್ಲೂ ಇಲ್ಲ. ಕೊನೆಗೆ ಒಂದು ಕಲ್ಲನ್ನು ತೆಗೆದು ಪ್ಲಾಸ್ಟಿಕ್ ಬಕೇಟಿನಲ್ಲಿ ಹೊಸ ಉಪ್ಪುನೀರಿನೊಳಗೆ ನಾಲ್ಕು ದಿನ ಇಟ್ಟೆ. ಐದನೆಯ ದಿನ ಆ ನೀರು ನೀಲಿ.

ಹವಳದ ಕಲ್ಲು ತಾಮ್ರವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದಂತೆ. ಎಷ್ಟೋ ವರ್ಷದ ಮೇಲೂ ನೀರಿಗಿಳಿದರೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತದಂತೆ. ಅಂದರೆ ಈ ತಾಮ್ರ ಹನ್ನೆರಡು ವರ್ಷದ ಹಿಂದಿನದು. ಆಗ ಮೀನು ಬದುಕಿ ಸೀಗಡಿ ಸತ್ತದ್ದೂ ಈಗ ಅರ್ಥವಾಯಿತು. ಬ್ಲೀಚಿಂಗ್ ಪೌಡರಾಗಿದ್ದರೆ ಮೀನು ಉಳಿಯುತ್ತಿರಲಿಲ್ಲ.

ಹಾಗಾದರೆ ತಾಮ್ರ ಎಲ್ಲಿಂದ ಬಂತು? ನನಗೆ ಕೂಡಲೇ ನೆನಪಾದದ್ದು ಅವ್ವನ ತಾಮ್ರದ ಹಂಡೆ. ನಮ್ಮ ಮನೆಯ ಕುಡಿಯುವ ನೀರು ಅದರಲ್ಲೇ ಇರುತ್ತಿತ್ತು. ತಾಮ್ರದ ನೀರು ಮೈಗೆ ಒಳ್ಳೆಯದು ಎಂದು ಅವ್ವ ನಮ್ಮನ್ನು ಬೆಳೆಸಿದ್ದೇ ಅದರಿಂದ. ಅಕ್ಕ ನಳದ ನೀರು ಹಾಕಿರಲಿಕ್ಕಿಲ್ಲ, ಪಾಪ, ಮನೆಯ ಒಳ್ಳೆಯ ನೀರು ಎಂದು ಹಂಡೆಯದನ್ನೇ ಹಾಕಿದ್ದಾಳೆ! ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ನನಗೆ ಖುಷಿಯಾಯಿತು. ನನ್ನ ವಕೀಲನಿಗೆ ಸಾಕ್ಷಿ ಸಿಕ್ಕಿತ್ತು. ಒಮ್ಮೆ ಅಕ್ಕನ ಬಾಯಿಂದ ಹೌದು ಎನ್ನಿಸಿಕೊಂಡರೆ, ಗೊತ್ತಿಲ್ಲದೆ ಆದದ್ದು ಬಿಡು ಎಂದು ದೊಡ್ಡ ಮನಸ್ಸು ಮಾಡಿ ನಾನೇ ಅವಳನ್ನು ಕ್ಷಮಿಸಬಹುದು ಎಂದು ಲೆಕ್ಕ ಹಾಕಿದೆ. ಭಾನುವಾರ ಮುಂಜಾನೆಯ ರೈಲು ಹಿಡಿದು, ಪರೀಕ್ಷೆಯ ಡಬ್ಬಿಯನ್ನು ಜೇಬಿನಲ್ಲಿಟ್ಟುಕೊಂಡು ಭಾಲ್ಕಿಗೆ ಹೊರಟೆ.

ಭಾವ ಊರಲ್ಲಿರಲಿಲ್ಲ. ಅಕ್ಕ ಹೊಲಿಗೆ ಮಷೀನಿನ ಮುಂದೆ ಕುಳಿತಿದ್ದಳು. “ಬಾ ತಮ್ಮಾ. ಹಿಂಗ ಒಮ್ಮಿಕಲೆ ಬಂದಿ? ಮನ್ಯಾಗ ಎಲ್ಲಾರೂ ಆರಾಮ ಅದಾರಲ್ಲ?” ಎಂದು ನೀರು ತಂದಿಟ್ಟಳು. ಹನ್ನೆರಡು ವರ್ಷದಿಂದ ನಮ್ಮ ಮಾತು ಇಷ್ಟೇ, ಎಲ್ಲರೂ ಆರಾಮ. ಅವ್ವ ಹೋದ ಮೇಲೆ ಆ ಹಂಡೆ ಅಕ್ಕನ ಪಾಲಿಗೆ ಬಂದಿತ್ತು. ಅಡುಗೆಮನೆಯ ಮೂಲೆಯಲ್ಲಿ ಕಂದಾಗಿ ಕುಳಿತಿತ್ತು.

ನಾನು ಸುತ್ತು ಬಳಸಲಿಲ್ಲ. ಹೊಸ ತೊಟ್ಟಿಯ ಸಂಗತಿ, ಬಸವನಹುಳು ಸತ್ತದ್ದು, ಕಲ್ಲಿನೊಳಗಿನ ತಾಮ್ರ ಎಲ್ಲ ಹೇಳಿದೆ. “ಅಕ್ಕಾ, ಆವಾಗ ನೀ ಟ್ಯಾಂಕಿಗಿ ಯಾವ ನೀರು ಹಾಕಿದ್ದಿ? ಹಂಡ್ಯಾಗಿಂದೇನು? ಖರೇ ಹೇಳು, ನನಗ ಸಿಟ್ಟಿಲ್ಲ” ಎಂದೆ.

ಅಕ್ಕ ಮಷೀನಿನ ಚಕ್ರ ಹಿಡಿದು ನಿಲ್ಲಿಸಿದಳು. ಆಮೇಲೆ ಬಾಯಿಪಾಠ ಒಪ್ಪಿಸುವವಳಂತೆ ಹೇಳಿದಳು.

“ಮೊದಲನೇ ದಿನ ಒಂದು ಚಿಟಿಕಿ ಹಾಕೀನಿ. ನೀಲಿ ಡಬ್ಬಿದಾಗಿನ ನೀರು, ಪ್ಲಾಸ್ಟಿಕ್ ಮಗ್ಗಲೆ, ಒಂದೂವರಿ ಮಗ್ಗ. ಎರಡನೇ ದಿನ ಒಂದು ಮಗ್ಗ. ಆವತ್ತೇ ಸೀಗಡಿ ಮೂಲಿಗಿ ಹೋಗಿ ಕುಂತಿತ್ತು, ಕೈ ಹಾಕಿದ್ರ ಬರಲಿಲ್ಲ. ಮೂರನೇ ದಿನ ನಳ ಬಂತು. ಅವ್ವ ‘ಅದಕ್ಕೂ ಒಂದು ಕೊಡ ಹಾಕು’ ಅಂದ್ಳು. ತಮ್ಮ ಬ್ಯಾಡಂದಾನ ಅಂತ ನಾ ಅಡ್ಡ ನಿಂತೀನಿ. ನಾಕನೇ ದಿನ ನೀ ಬಂದಿ.”

“ಮತ್ತ ಆವಾಗ ಯಾಕ ಹೇಳಲಿಲ್ಲ?”

“ನೀ ಕೇಳಿದ್ದೇನು?”

ಅಕ್ಕನೇ ಮುಂದುವರಿಸಿದಳು, ದನಿಯಲ್ಲಿ ಕೊಂಕಿರಲಿಲ್ಲ. “ಹಂಡ್ಯಾಗಿನ ನೀರು ನಾ ಹಾಕಿಲ್ಲ. ಹಂಡ್ಯಾಗ ನೀರು ಮಾಡಿದಾಂವ ನೀನೇ. ಹೋಗೂ ಹಿಂದಿನ ದಿನ ನಿನ್ನ ಬಕೇಟ್ ಸೀಳಿತ್ತು. ಹಬ್ಬಕ್ಕಂತ ನಾ ಹಂಡೆ ಹುಣಸಿಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡಿಟ್ಟಿದ್ದೆ. ‘ಅಕ್ಕಾ, ಇದರಕಿಂತ ಸ್ವಚ್ಛ ಭಾಂಡೆ ಮನ್ಯಾಗ ಇಲ್ಲ’ ಅಂದು ಅದರಾಗ ಉಪ್ಪು ಕಲಸಿಟ್ಟಿ. ಮರುದಿನ ಮಧ್ಯಾಹ್ನ ತನಕ ಇತ್ತು. ಆಮ್ಯಾಲ ಟ್ಯಾಂಕಿಗಿ ಸುರುವಿ ಊರಿಗಿ ಹ್ವಾದಿ.”

ಅವಳು ಹೇಳುತ್ತ ಹೋದಂತೆ ಎಲ್ಲ ಕಣ್ಣ ಮುಂದೆ ಬಂತು. ಸೀಳಿದ ಬಕೇಟು, ಚಿನ್ನದ ಹಾಗೆ ಹೊಳೆಯುತ್ತಿದ್ದ ಹಂಡೆಯ ಒಳಮೈ, ಅದರಲ್ಲಿ ನಾನೇ ಕೋಲು ಆಡಿಸಿದ್ದು. ಮನೆಯ ಅತಿ ಪವಿತ್ರ ಪಾತ್ರೆಯಲ್ಲಿ ಅತಿ ಶುದ್ಧ ನೀರು ಮಾಡುತ್ತಿದ್ದೇನೆಂದು ಆಗ ಹೆಮ್ಮೆಪಟ್ಟಿದ್ದೆ. ತಿಕ್ಕದೆ ಬಿಟ್ಟ ತಾಮ್ರಕ್ಕೆ ಮೇಲೊಂದು ಕಂದು ಪದರ ಇರುತ್ತದೆ, ಅದು ಸ್ವಲ್ಪವಾದರೂ ಕಾಯುತ್ತದೆ. ಹುಣಸೆಹಣ್ಣು ಆ ಪದರವನ್ನೇ ತೆಗೆಯುತ್ತದೆ. ಆಮೇಲೆ ಇಡೀ ದಿನ ಉಪ್ಪುನೀರು ಬರಿ ತಾಮ್ರವನ್ನು ಕರಗಿಸಿದೆ. ಉಪಕರಣ ನೋಡಿಕೊಂಡು ಸಂಬಳ ತಿನ್ನುವ ನನಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ತಾ ಕಳ್ಳ, ಪರರ ನಂಬ ಎನ್ನುವುದು ನನ್ನಂಥವನನ್ನು ನೋಡಿಯೇ ಹುಟ್ಟಿದ ಮಾತು.

“ಅಕ್ಕಾ, ಎಲ್ಲ ಕೊಂದಾಂವ ನಾನೇ” ಎಂದೆ.

“ಹಂಗ್ಯಾಕ? ಹಂಡೆ ಬೆಳಗಿದಾಕಿ ನಾನೇ ಅಲ್ಲೇನು? ತಿಕ್ಕದಿದ್ರ ಇಷ್ಟು ಆಗ್ತಿದ್ದಿಲ್ಲಲ್ಲ?” ಎಂದಳು. ತಪ್ಪನ್ನು ತನ್ನ ಕಡೆಗೆ ಎಳೆದುಕೊಳ್ಳುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದು ಆಗ ಕಂಡೆ.

“ನೀ ಬೆಳಗಿದ ಹಂಡ್ಯಾಗಿನ ನೀರು ಕುಡದೇ ನಾ ಬೆಳದೀನಿ. ಅದಕ್ಕ ಉಪ್ಪು ಹಾಕಿದಾಂವ ನಾನು.”

ಅವಳಿಗೆ ನಂಬಿಕೆ ಬರಲಿಲ್ಲ. ಬಾಯಿ ಮಾತಿನ ಗಾಯಕ್ಕೆ ಬಾಯಿ ಮಾತೇ ಔಷಧ ಎಂದರೆ ಒಪ್ಪುವ ಹಂತವನ್ನು ಅವಳು ದಾಟಿದ್ದಳು. ಎದ್ದು ತಾಮ್ರದ ಒಂದು ತಂಬಿಗೆ ತಂದು ನನ್ನ ಮುಂದಿಟ್ಟಳು. “ತೋರ್ಸು” ಎಂದಳು.

ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ನಾನೇ ತಿಕ್ಕಿದೆ, ಚೆನ್ನಾಗಿ ತೊಳೆದೆ. ಉಪ್ಪುನೀರು ತುಂಬಲು ಹೋದಾಗ ಅಕ್ಕ ತಡೆದಳು. “ಒಂದ ಮಾಡಿದ್ರ ಹ್ಯಾಂಗ ಗೊತ್ತಾಗ್ತದ? ಉಪ್ಪಿನಾಗೇ ಏನರ ಇದ್ರ? ಸ್ಟೀಲಿಂದೂ ಇಡು.” ಕಾರ್ಖಾನೆಯ ಲ್ಯಾಬಿನಲ್ಲಿ ಇದನ್ನು ದೊಡ್ಡ ಹೆಸರಿಟ್ಟು ಕಲಿಸುತ್ತಾರೆ. ಒಂದೇ ಡಬ್ಬಿಯ ಉಪ್ಪು, ಒಂದೇ ಕೊಡದ ನೀರು, ಒಂದು ತಾಮ್ರದ ತಂಬಿಗೆ, ಒಂದು ಸ್ಟೀಲಿನ ತಂಬಿಗೆ. ಎರಡನ್ನೂ ಕಿಟಕಿಯಲ್ಲಿಟ್ಟು ಬಾಗಿಲು ಕಾಯುವವರಂತೆ ಕುಳಿತೆವು.

ಮಧ್ಯಾಹ್ನದ ತನಕ ಕಾಯಬೇಕಿತ್ತು. ಅಕ್ಕ ರೊಟ್ಟಿ ಬಡಿದಳು, ಪುಂಡಿಪಲ್ಯ ಬಿಸಿ ಮಾಡಿದಳು. ಉಣ್ಣುತ್ತ ಒಂದೊಂದೇ ಕೇಳಿದಳು. ಬಸವನಹುಳುವಿಗೆ ಹಲ್ಲು ಅವ ಏನು? ಹವಳ ಒಂದರ ಪಕ್ಕ ಒಂದು ಇಟ್ಟರೆ ಜಗಳಾಡುತ್ತವೆಯೇ? ಜಗಳಾಡುತ್ತವೆ, ಹತ್ತಿರ ಬಂದದ್ದನ್ನು ಸುಡುತ್ತವೆ ಎಂದೆ. ಹಾಗಾದರೆ ಅವುಗಳ ನಡುವೆ ಎಷ್ಟು ಜಾಗ ಬಿಡಬೇಕು? ಹೇಳುತ್ತ ನನಗೂ ಉತ್ಸಾಹ ಬಂತು, ರೊಟ್ಟಿಯ ಚೂರುಗಳನ್ನು ತಾಟಿನಲ್ಲಿ ಜೋಡಿಸಿ ತೋರಿಸಿದೆ. ಅವಳು ಒಂದು ಚೂರನ್ನು ಬೆರಳಿನಿಂದ ಸ್ವಲ್ಪ ಆಚೆ ಸರಿಸಿ, “ಇಷ್ಟು ಸಾಕೇನು?” ಎಂದಳು. ನಾವಿಬ್ಬರು ಹೀಗೆ ಕುಳಿತು ಮಾತಾಡಿ ಎಷ್ಟು ಕಾಲವಾಗಿತ್ತೋ.

ತಾಟು ಎತ್ತಿದ ಮೇಲೆ ಎರಡು ಗಾಜಿನ ನಳಿಗೆ ಜೋಡಿಸಿದೆ. ಮೊದಲು ಸ್ಟೀಲಿನದು. ತೊಟ್ಟು ಹಾಕಿ ಅಲುಗಾಡಿಸಿದೆ. ಏನೂ ಇಲ್ಲ, ನೀರು ಇದ್ದ ಹಾಗೇ ಇತ್ತು. ಆಮೇಲೆ ತಾಮ್ರದ್ದು. ತೊಟ್ಟು ಬಿದ್ದದ್ದೇ ತಡ, ನನ್ನ ತೊಟ್ಟಿಯಲ್ಲಿ ಕಂಡ ತಿಳಿನೀಲಿಯಲ್ಲ, ಬಟ್ಟೆಗೆ ಹಾಕುವ ನೀಲಿಯಂಥ ಕಡುಬಣ್ಣ ಏರಿತು. ಅಕ್ಕ ನಳಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಇನ್ನೊಂದು ಕೈಯಲ್ಲಿ ಸ್ಟೀಲಿನದನ್ನು ಹಿಡಿದಳು. ಎರಡನ್ನೂ ಬಹಳ ಹೊತ್ತು ನೋಡಿದಳು.

“ಮತ್ತೊಮ್ಮಿ ಮಾಡು” ಎಂದಳು. ಮಾಡಿದೆ. ಅದೇ ಬಂತು.

ನಳಿಗೆಗಳನ್ನು ಕಿಟಕಿಯಲ್ಲಿಟ್ಟು ಅವಳು ನೆಲಕ್ಕೆ ಕುಳಿತಳು. “ನೀ ಸಿಟ್ಟಿನ್ಯಾಗ ಅಂದಿ ಅಂತ ನನಗ ಗೊತ್ತಿತ್ತು. ಅದಕ್ಕ ಬ್ಯಾಸರಿಲ್ಲ” ಎಂದಳು. “ಆದ್ರ ನೀ ಮಷೀನಿನ ಕೆಲಸ ಬಲ್ಲಾಂವ. ನಿನಗ ತಿಳಿತದ ಅಂತ ನಾ ನಂಬಿದ್ದೆ. ನೀ ಹೇಳಿದಂಗೇ ನಾ ಮಾಡೀನಿ, ಆದ್ರೂ ಸತ್ತಾವಂದ್ರ ನನ್ನ ಕೈಯಾಗೇ ಏನೋ ಅದ ಅಂತ. ನನ್ನ ಕೂಸಿಂದೂ ನನ್ನ ಕೈಯಿಂದೇ ಆಗಿರಬೇಕಂತ.”

ನಾನು ಬರಿ ಕೆಟ್ಟ ಮಾತು ಆಡಿದ್ದೇನೆಂದು ಇಷ್ಟು ವರ್ಷ ತಿಳಿದಿದ್ದೆ. ಅವಳು ಅದನ್ನು ನಂಬಿ ಬದುಕಿರುತ್ತಾಳೆಂದು ಒಮ್ಮೆಯೂ ಹೊಳೆದಿರಲಿಲ್ಲ. ಅವಳ ಕಾಲು ಹಿಡಿದೆ. “ತಪ್ಪಾತು ಅಕ್ಕಾ” ಎಂದೆ. ನನಗೆ ಅಳು ಬಂತು, ಅವಳು ಅಳಲಿಲ್ಲ. ನನ್ನ ಕೈ ಬಿಡಿಸಿ, “ಏಳು, ಚಹಾ ಇಡ್ತೇನಿ” ಎಂದು ಎದ್ದಳು.

ಒಲೆಯ ಮೇಲೆ ಪಾತೇಲಿ ಇಟ್ಟು ಹಾಲು ಹುಡುಕುತ್ತಿದ್ದಳು. ಅಷ್ಟರಲ್ಲಿ ಗೋಡೆಯಾಚೆಗಿನ ಮನೆಯಲ್ಲಿ ಕೂಸೊಂದು ಅಳತೊಡಗಿತು. ಅಲ್ಲಿಯ ಮಗಳು ಬಾಣಂತನಕ್ಕೆ ಬಂದಿದ್ದಳಂತೆ. ಉರ್ದುವಿನಲ್ಲಿ ಒಬ್ಬ ಮುದುಕಿ ಅದನ್ನು ರಮಿಸುತ್ತಿರುವುದು ಕೇಳಿಸುತ್ತಿತ್ತು, ಕೂಸು ಒಪ್ಪುತ್ತಿರಲಿಲ್ಲ. ಅಕ್ಕ ಒಲೆಯ ಮುಂದೆ ಹಾಗೇ ನಿಂತಳು. ಆಮೇಲೆ ಕೈ ತೊಳೆದಳು, ಸೆರಗಿನಿಂದ ಒಂದೊಂದೇ ಬೆರಳು ಒರೆಸಿದಳು, ಚಪ್ಪಲಿ ಕೂಡ ಮೆಟ್ಟದೆ ಹೊರಗೆ ಹೋದಳು. “ಅರೇ ಬೇಟಿ, ತುಮ್?” ಎಂದ ಮುದುಕಿಯ ದನಿ ಅರ್ಧಕ್ಕೇ ನಿಂತಿತು.

ನಾನು ಬಾಗಿಲ ಹತ್ತಿರ ಬರುವಷ್ಟರಲ್ಲಿ ಅಕ್ಕ ಮರಳಿ ಬಂದಿದ್ದಳು. ಕೂಸು ಅವಳ ಭುಜಕ್ಕೆ ಮುಖ ಒತ್ತಿ ಇನ್ನೂ ಬಿಕ್ಕುತ್ತಿತ್ತು. ಅವಳು ಒಂದು ಕೈ ಅದರ ಬೆನ್ನ ಮೇಲೆ, ಒಂದು ಕೈ ತಲೆಯ ಹಿಂದೆ ಇಟ್ಟುಕೊಂಡಿದ್ದಳು. ನನ್ನ ಕಡೆ ನೋಡದೆಯೇ ಹೇಳಿದಳು:

“ಚಹಾ ನೀನೇ ಮಾಡು. ನನ್ನ ಕೈ ಖಾಲಿ ಇಲ್ಲ.”